ಗಾಲಿಮನೆಗೆ ಹೊಲ ಹುಡುಕಿದ ಸತ್ಯವ್ವ

ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನು ನಾನು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹೊರಗೆ ಕಾಲಿಟ್ಟರೆ ನನ್ನ ಕೈಯಲ್ಲಿ ಕಲಿತ ಯಾರಾದರೊಬ್ಬರು ಎದುರಾಗಿ ನಮಸ್ಕಾರ ಮಾಡುತ್ತಾರೆ. ಅವರಲ್ಲಿ ಒಬ್ಬನಿಗೂ ನಕಾಶೆ ಓದಲು ಬರುವುದಿಲ್ಲ. ಅದು ನನ್ನ ತಪ್ಪಲ್ಲ. ಈ ಜಿಲ್ಲೆಯ ಗುಡ್ಡ, ಹಳ್ಳ, ಹಾದಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೋದ ವರ್ಷದ ನವೆಂಬರ್ ತನಕ ನಾನು ಗಟ್ಟಿಯಾಗಿ ನಂಬಿದ್ದೆ. ಆ ನಂಬಿಕೆಗೆ ಎಳ್ಳುನೀರು ಬಿಡಿಸಿದವಳು ಚೊಳಚಗುಡ್ಡದ ಸತ್ಯವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಕೆಯ ಬಗ್ಗೆ ಬರೆಯಲೇಬೇಕು ಎಂದು ನನ್ನ ಅಣ್ಣನ ಮಗಳು ಅಮಿತಾ ಗಂಟು ಬಿದ್ದಿದ್ದಾಳೆ. ಬರೆಯುತ್ತೇನೆ, ಆದರೆ ನನ್ನ ಸಿಟ್ಟನ್ನೂ ಸೇರಿಸಿಯೇ ಬರೆಯುತ್ತೇನೆ.

ಶುರುವಾದದ್ದು ಅಮಿತಾಳಿಂದಲೇ. ಆಕೆ ಒಂದು ಹಳೆಯ ಮಿನಿಬಸ್ ಕೊಂಡು, ಸೀಟು ಕಿತ್ತು, ಒಳಗೆ ಎರಡು ಹಾಸಿಗೆ, ಗೇಣುದ್ದದ ಅಡುಗೆಕಟ್ಟೆ, ನೀರಿನ ಟಾಕಿ, ಬೆಂಕಿಪೆಟ್ಟಿಗೆಯಂಥ ಒಂದು ಪಾಯಖಾನೆ ಕೂಡಿಸಿ ಅದನ್ನು ಮೋಟರ್‌ಹೋಮ್ ಎಂದು ಕರೆದಳು. ಊರೂರಿನ ಜನ ಅದನ್ನು ಬಾಡಿಗೆಗೆ ಹಿಡಿದು ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಸುತ್ತಿ, ಹುನಗುಂದ ದಾಟಿ ಇಳಕಲ್ಲಿಗೆ ಹೋಗಿ ಸೀರೆ ಕೊಂಡು ಮನೆಗೆ ಮರಳಬೇಕು. ಲಾಡ್ಜಿನ ಗೊಡವೆ ಇಲ್ಲ, ಗಾಡಿಯಲ್ಲೇ ಮಲಗಬೇಕು. ಓಡಿಸಲು ಇಳಕಲ್ಲಿನ ಮುರ್ತುಜಸಾಬ ಸಿಕ್ಕ. ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು, ಬ್ರೇಕಿಗಿಂತ ಹಾರ್ನಿನ ಮೇಲೆ ಹೆಚ್ಚು ಭರವಸೆ ಇಟ್ಟವನು.

“ಕಾಕಾ, ದಾರಿ ನೀವ ಹಾಕಿಕೊಡ್ರಿ,” ಎಂದಳು ಅಮಿತಾ. “ಎಲ್ಲಿ ನಿಂದರಬೇಕು, ಎಲ್ಲಿ ವಸ್ತಿ ಮಾಡಬೇಕು, ಎಲ್ಲಾ. ಮುಂಜಾನೆ ಕಿಟಕಿ ತಗದ್ರ ಗುಡ್ಡ ಕಾಣಬೇಕು ನೋಡ್ರಿ.”

ನಾನು ಹದಿನೈದು ದಿನ ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡು ಕುಳಿತೆ. ಮನೆಯವರು ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಂಡರು. ಮೊದಲ ಪ್ರಯೋಗಕ್ಕೆ ನಾನು ಆರಿಸಿದ ತಾಣ ಬಾದಾಮಿಯ ಕೆರೆಯ ಆಚೆ, ಕೆಂಪು ಬಂಡೆ ನೇರ ಕಣ್ಣಿಗೆ ಬೀಳುವ ಜಾಗ. ಬಂಡೆ ಬಿತ್ತು, ಜೊತೆಗೆ ಮಂಗಗಳೂ ಬಿದ್ದವು. ಚಾವಣಿಯ ಕಿಂಡಿ ತೆಗೆದು ಇಳಿದ ಅವು ಚುರಮುರಿ, ಬಾಳೆಹಣ್ಣು, ಮುರ್ತುಜಸಾಬನ ಓದುವ ಕನ್ನಡಕ ಹೊತ್ತುಕೊಂಡು ಹೋದವು. ಕನ್ನಡಕ ಹಾಕಿಕೊಂಡ ಮಂಗ ನಮ್ಮನ್ನು ನೋಡಿದ ರೀತಿ ನನಗೆ ಇಂದಿಗೂ ಸರಿಬಂದಿಲ್ಲ.

ಎರಡನೆಯ ತಾಣ ಚೊಳಚಗುಡ್ಡದ ಹತ್ತಿರ ಮಲಪ್ರಭೆಯ ದಂಡೆಯ ಒಂದು ಹೊಲ. ನಕಾಶೆಯ ಪ್ರಕಾರ ಅದು ಸಮತಟ್ಟು, ಹೊಳೆಗೆ ಹತ್ತಿರ, ಮುಂಜಾನೆಯ ಬಿಸಿಲಿಗೆ ನೇರ. ನಕಾಶೆ ಹೇಳದೆ ಬಿಟ್ಟದ್ದು, ಹಿಂದಿನ ದಿನ ಅಲ್ಲಿ ಮಳೆಯಾಗಿತ್ತೆಂಬುದು. ಗಾಡಿ ಹತ್ತು ಮಾರು ಹೋಗಿ ಕಪ್ಪು ಮಣ್ಣಿನಲ್ಲಿ ಗಾಲಿಯ ಅರ್ಧಕ್ಕೆ ಹೂತು ನಿಂತಿತು. ನಾನು, ಮುರ್ತುಜಸಾಬ ಇಬ್ಬರೂ ಕೆಸರಿನಲ್ಲಿ ನಿಂತು ಒಬ್ಬರಿಗೊಬ್ಬರು ಭೂಗೋಳವನ್ನೂ ಡ್ರೈವಿಂಗನ್ನೂ ಕಲಿಸುತ್ತಿರುವಾಗ, ಬದುವಿನ ಮೇಲೆ ನಾಲ್ಕು ಆಡು ಮೇಯಿಸುತ್ತ ಕುಳಿತಿದ್ದ ಒಬ್ಬ ಹೆಂಗಸು ಕೋಲೂರಿ ಎದ್ದಳು. ಅರುವತ್ತರ ಹತ್ತಿರದ ವಯಸ್ಸು, ಹಣೆ ತುಂಬ ಭಂಡಾರದ ಅರಿಷಿಣ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

“ಯಾರ್ರಿ ನಿಮಗ ಇಲ್ಲಿ ಇಳೀರಿ ಅಂತ ಹೇಳಿದವ್ರು?” ಎಂದಳು.

“ನಾನೇ,” ಎಂದೆ. “ನಾನು ಭೂಗೋಳದ ಮಾಸ್ತರ.”

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಇರ್ಲಿ ಬಿಡ್ರಿ,” ಎಂದು ಸಮಾಧಾನ ಹೇಳಿದಳು. “ಎರಿ ಹೊಲ ಹಸಿ ಇದ್ದಾಗ ನಾವು ಕುರಿ ಸೈತ ಇಳಸಂಗಿಲ್ಲ. ಅಕಾ ಅಲ್ಲಿ ಮಸಾರಿ ಐತಿ ನೋಡ್ರಿ, ಕೆಂಪಂದು. ಅಲ್ಲಿ ನಿಂದರ್ರಿ. ಮನಿಗೆ ಮನೀನ ನಿಂದರ್ತೈತಿ.”

ಟ್ರ್ಯಾಕ್ಟರ್ ತಂದು ಗಾಡಿಯನ್ನು ಎಳೆಸಿ ಆಕೆ ಹೇಳಿದ ಕೆಂಪು ನೆಲಕ್ಕೆ ತಂದೆವು. ಗಾಡಿ ಮಟ್ಟಸವಾಗಿ ನಿಂತಿದೆಯೇ ಎಂದು ನೋಡಲು ನಾನು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದೆ. ಆಕೆ ತಂಬಿಗೆಯ ನೀರನ್ನು ನೆಲಕ್ಕೆ ಚೆಲ್ಲಿ, ಅದು ಯಾವ ಕಡೆಗೆ ಹರಿಯುತ್ತದೆಂದು ನೋಡಿ, “ಹಿಂದಿನ ಬಲಗಾಲಿಗೆ ಒಂದು ಕಲ್ಲ ಕೊಡ್ರಿ,” ಎಂದಳು. ಕಲ್ಲು ಕೊಟ್ಟೆವು. ಆ ದಿನ ಗಾಡಿಯೊಳಗಿನ ಚಹದ ಕಪ್ಪು ಅಲುಗಲಿಲ್ಲ. ಅಲ್ಲಿಂದ ಮುಂದೆ ದಾರಿ ನನ್ನದಾದರೂ ವಸ್ತಿಯ ಜಾಗ ಸತ್ಯವ್ವನದು ಎಂದು ಅಮಿತಾ ಫೋನಿನಲ್ಲೇ ತೀರ್ಮಾನ ಮಾಡಿದಳು. ನನ್ನನ್ನು ಕೇಳಲಿಲ್ಲ.

ಆಮೇಲೆ ತಿಳಿಯಿತು, ಸತ್ಯವ್ವ ನಲವತ್ತು ವರ್ಷ ಮೋಟರಿಲ್ಲದ ಮೋಟರ್‌ಹೋಮ್ ನಡೆಸಿದವಳು ಎಂದು. ಹದಿನೇಳಕ್ಕೆ ಹುಲ್ಲಪ್ಪನನ್ನು ಮದುವೆಯಾಗಿ, ಅರಿಷಿಣದ ಮೈ ಆರುವ ಮೊದಲೇ ಅವನ ಕುರಿಹಿಂಡಿನ ಜೊತೆ ಹೊರಟವಳು. ಒಂದು ಕುದುರೆ, ಅದರ ಬೆನ್ನ ಮೇಲೆ ಕಂಬಳಿ, ಪಾತ್ರೆ, ಜೋಳದ ಚೀಲ, ಎರಡು ಕೋಳಿ, ನಡೆಯಲಾರದ ಕುರಿಮರಿಗಳು, ಮುಂದೆ ಮಕ್ಕಳಾದ ಮೇಲೆ ಮಕ್ಕಳು. ಗಂಡಸರು ಕುರಿ ಮೇಯಿಸುತ್ತ ಸುತ್ತುಹಾದಿಯಲ್ಲಿ ಬರುತ್ತಾರೆ. ಹೆಂಗಸು ಕುದುರೆ ಹಿಡಿದು ನೆಟ್ಟಗೆ ಮುಂದೆ ಹೋಗಿ, ಹೊಲದ ಒಡೆಯನನ್ನು ಮಾತಾಡಿಸಿ, ಜಾಗ ನೋಡಿ, ಒಲೆ ಹೂಡಿ, ಹೊತ್ತು ಮುಳುಗುವಷ್ಟರಲ್ಲಿ ಮನೆ ಮಾಡಿರಬೇಕು. ನೀರು ಹತ್ತಿರವಿರಬೇಕು, ಆದರೆ ಹಳ್ಳದ ಪಾತ್ರದಲ್ಲಿ ಇಳಿಯಬಾರದು. ಗಾಳಿ ಬೆನ್ನಿಗಿರಬೇಕು. ಊರ ನಾಯಿಗೆ ನಮ್ಮ ನಾಯಿ ಕಾಣಬಾರದು. ಇಬ್ಬರು ಹೆಣ್ಣುಮಕ್ಕಳೂ ಹೀಗೆ ಹಾದಿಯಲ್ಲೇ ಹುಟ್ಟಿದವರು. ಎಲ್ಲಿ ಹುಟ್ಟಿದರು ಎಂದು ಕೇಳಿದರೆ ಆಕೆ ಊರ ಹೆಸರು ಹೇಳುವುದಿಲ್ಲ, ಹೊಲದವನ ಹೆಸರು ಹೇಳುತ್ತಾಳೆ.

ಹೊಲದವರ ಹತ್ತಿರ ಮಾತಾಡುವುದೂ ಆಕೆಯ ಕೆಲಸವೇ ಆಗಿತ್ತು. ಹುಲ್ಲಪ್ಪ ಕುರಿಗಳ ಜೊತೆ ದಿನವಿಡೀ ಹರಟುತ್ತಾನೆ, ಮನುಷ್ಯರು ಸಿಕ್ಕರೆ ತಂಬಾಕಿನ ಚೀಲ ಹುಡುಕುತ್ತಾನೆ. ಆದರೆ ಹೋದ ದಸರೆಯಲ್ಲಿ ಸತ್ಯವ್ವ ಬದುವಿನಿಂದ ಜಾರಿ ಮೊಣಕಾಲು ಮುರಿದುಕೊಂಡಳು. ಬಾಗಲಕೋಟೆಯ ದವಾಖಾನೆಯವರು ಹೆಚ್ಚು ನಡೆಯಬೇಡ ಎಂದರು. ಆ ಸಲ ಮೊದಲ ಬಾರಿಗೆ ಹಿಂಡು ಆಕೆಯನ್ನು ಬಿಟ್ಟು ಹೊರಟಿತು. “ನೀ ಮನ್ಯಾಗ ಇರು. ಹೊಲದವ್ರಿಗೆ ನಾ ಫೋನ್ ಮಾಡ್ತೇನಿ,” ಎಂದು ಹುಲ್ಲಪ್ಪ ಹೇಳಿದನಂತೆ. ಅಷ್ಟೇ ಸಾಕಾಯಿತು, ಆಕೆ ಅವನ ಜೊತೆ ಮಾತು ಬಿಟ್ಟಳು. ಕಾಲಿನ ನೋವಿಗಿಂತ ಆ ಮಾತಿನ ನೋವೇ ಜಾಸ್ತಿ ಇತ್ತೆಂದು ನನಗೆ ಆಕೆಯೇ ಹೇಳಿದ್ದಾಳೆ.

ಜನವರಿಯಲ್ಲಿ ನಾನು, ಮುರ್ತುಜಸಾಬ, ಸತ್ಯವ್ವ ಮೂವರೂ ಜಾಗ ಗೊತ್ತು ಮಾಡಲು ಹೊರಟೆವು. ಗಾಡಿಯ ಬಾನೆಟ್ಟಿಗೆ ಕುರಿಗಾರರ ದೇವರು ಬೀರಪ್ಪನ ಭಂಡಾರ ಹಚ್ಚಿ, ಮುಂದಿನ ಸೀಟಿನಲ್ಲಿ ಕೋಲು ಹಿಡಿದು ಕುಳಿತ ಸತ್ಯವ್ವ, ದಾರಿಯುದ್ದಕ್ಕೂ ಎಡಬಲದ ಹೊಲದವರನ್ನು ಹೆಸರು ಹಿಡಿದು ಕೂಗಿ ಮಾತಾಡಿಸಿದಳು. ಮಹಾಕೂಟದ ಹತ್ತಿರ ಹನಮಂತಪ್ಪ ಎಂಬವನ ಹೊಲ ಆಕೆಗೆ ಹಿಡಿಸಿತು. ಕೆಂಪು ನೆಲದ ಪಟ್ಟಿ, ಎದುರಿಗೆ ಗುಡ್ಡ, ಹಿಂದೆ ಬೇವಿನ ಸಾಲು, ಕೂಗಿದರೆ ಕೇಳುವಷ್ಟು ದೂರದಲ್ಲಿ ಬಾವಿ. ನಾನೂ ತಪ್ಪು ಹುಡುಕಿ ನೋಡಿದೆ, ಸಿಗಲಿಲ್ಲ.

ನಾನು ಬಾಡಿಗೆಯ ಮಾತೆತ್ತಿದೆ. ಹನಮಂತಪ್ಪನಿಗೆ ಅರ್ಥವಾಗಲಿಲ್ಲ. “ಬಾಡಿಗಿ ಯಾತಕ್ಕ? ಮಂದಿ ಮಲಗಿ ಎದ್ದು ಹೋದ್ರ ನನ್ನ ಹೊಲಕ್ಕ ಏನ ಬಂತು?”

ಇಲ್ಲಿ ಒಂದು ಪದ್ಧತಿ ಹೇಳಬೇಕು. ಜೋಳ ಕಿತ್ತ ಹೊಲದಲ್ಲಿ ಕುರಿ ಹಿಂಡು ಒಂದು ರಾತ್ರಿ ನಿಂತರೆ ಹಿಕ್ಕಿ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕಾಗಿ ಇಳಿದುಕೊಂಡವರು ಹೊಲದವನಿಗೆ ಕೊಡುವುದಿಲ್ಲ. ಹೊಲದವನೇ ಇಳಿದುಕೊಂಡವರಿಗೆ ಊಟ ಹಾಕಿ ಜೋಳ ಕೊಡುತ್ತಾನೆ. ಹಾಗಾಗಿ ಬರಿಗೈಯಲ್ಲಿ ಒಬ್ಬರ ಹೊಲದಲ್ಲಿ ಇಳಿಯುವುದು ಸತ್ಯವ್ವನಿಗೆ ನಾಚಿಕೆಗೇಡು.

“ಕುರಿನೂ ಬರ್ತಾವು,” ಎಂದುಬಿಟ್ಟಳು ಆಕೆ. “ಶಿವರಾತ್ರಿ ಮುಂದಿನ ವಾರ ನಮ್ಮ ಹಿಂಡು ಎಲ್ಲಿರ್ತೈತಿ, ನಿನಗ ಗೊತ್ತಿಲ್ಲೇನ? ಈ ಮನಿ ಬಂದ ದಿನಾನ ಕುರಿ ಬರ್ತಾವು. ಮಾತು ಕೊಟ್ಟೇನಿ.”

“ನೀ ಅಂದಮ್ಯಾಲೆ ಮುಗೀತು. ಅಲ್ಲೀತನ ನೇಗಿಲ ಹಚ್ಚಂಗಿಲ್ಲ,” ಎಂದ ಹನಮಂತಪ್ಪ.

ಹಿಂದಿರುಗುವಾಗ ನಾನು ಕೇಳಿದೆ, “ಹುಲ್ಲಪ್ಪಗ ಒಂದು ಮಾತು ಕೇಳೋದು ಬ್ಯಾಡೇನು?”

“ನಲವತ್ತು ವರ್ಷ ಹ್ವಾದ ಹಾದಿ, ಮಾಸ್ತರ. ಕುರಿಗಿ ಸೈತ ಗೊತ್ತೈತಿ, ಅವ್ರಿಗಿ ಗೊತ್ತಿಲ್ಲೇನು?” ಎಂದಳು. ನನಗೆ ಹೌದೆನ್ನಿಸಿತು. ನಾನೂ ಸುಮ್ಮನಾದೆ, ಅದು ನನ್ನ ಪಾಲಿನ ತಪ್ಪು.

ಆಕೆ ಹೇಳಿದ ವಾರವೇ ಬಂದ ಮೊದಲ ಗಿರಾಕಿಗಳು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಮೊದಲ ದಿನ ಬನಶಂಕರಿ, ಬಾದಾಮಿ ಎಲ್ಲ ಸುಸೂತ್ರವಾಯಿತು. ಎರಡನೆಯ ದಿನ ಬೆಳಗ್ಗೆ ಎಂಟಕ್ಕೆ ನಾವು ಮೂವರೂ ಅವರನ್ನು ಕರೆದುಕೊಂಡು ಮಹಾಕೂಟದಲ್ಲಿದ್ದೆವು. ದಂಪತಿ ಹೊಂಡದ ತಣ್ಣೀರಿನಲ್ಲಿ ಕಾಲಿಟ್ಟು ಕುಳಿತಿದ್ದರು. ಆಗ ಹನಮಂತಪ್ಪ ಬೈಕಿನಲ್ಲಿ ಬಂದ.

“ಸತ್ಯವ್ವ, ಗಾಡಿ ಬಂತು. ಹಿಂಡು ಎಲ್ಲೈತಿ?”

“ಸಂಜಿಕ್ಕ ಬರ್ತಾವು.”

“ಗುಡ್ಡದಾಚೆ ತನಕ ನೋಡಿ ಬಂದೇನಿ, ಒಂದ ಕುರಿ ಕಾಣವಲ್ದು. ನಿನ್ನ ಮಾತಿನ ಮ್ಯಾಲೆ ನಾ ಎರಡು ಹಿಂಡು ಹೊಳ್ಳಿ ಕಳಿಸೇನಿ. ಇವತ್ತ ಬರ್ಲಿಲ್ಲಂದ್ರ ನಾಳೆ ಟ್ರ್ಯಾಕ್ಟರ್ ಹಚ್ಚತೇನಿ. ಆಮ್ಯಾಲೆ ಮುಂದಿನ ವರ್ಷ ನನ್ನ ಬಾಗಲಕ ಬರಬ್ಯಾಡ.” ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. ಅದೇ ಆಕೆಗೆ ತಾಗಿತು.

ನಾನು ಹುಲ್ಲಪ್ಪನಿಗೆ ಫೋನು ಹಚ್ಚಿದೆ. ಅವನು ಇದ್ದದ್ದು ಪಟ್ಟದಕಲ್ಲಿನಿಂದಲೂ ಆಚೆ, ಐಹೊಳೆಯ ಹಾದಿಯಲ್ಲಿ. ಹುನಗುಂದದ ಕಡೆಯ ಒಬ್ಬ ರೈತನಿಗೆ ಫೋನಿನಲ್ಲೇ ಮಾತು ಕೊಟ್ಟು, ಈ ವರ್ಷ ಮಹಾಕೂಟದ ಹಾದಿಯನ್ನೇ ಬಿಟ್ಟಿದ್ದ. ಹೇಳಬೇಕಾದವಳು ಮಾತು ಬಿಟ್ಟಿದ್ದಾಳೆ, ಯಾರಿಗೆ ಹೇಳುವುದು ಎಂದು ಅವನ ವಾದ.

ಸತ್ಯವ್ವ ದೇವಸ್ಥಾನದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮುಖ ಸಣ್ಣದಾಗಿತ್ತು. “ನನ್ನ ಮಾತು ಹೋದ್ರ ಹೋಗಲಿ ಅನ್ನಾಕ ಬರಂಗಿಲ್ರಿ ಮಾಸ್ತರ,” ಎಂದಳು. “ಇದು ಹೊಲದಿಂದ ಹೊಲಕ್ಕ ಹೋಗ್ತೈತಿ. ಸತ್ಯವ್ವ ಅಂದಳು, ಬರ್ಲಿಲ್ಲ ಅಂತ. ಮತ್ತ ನಮ್ಮ ಹಿಂಡಿಗೆ ಯಾವ ಹೊಲ ಸಿಗ್ತೈತಿ?”

ಭೂಗೋಳದ ಮಾಸ್ತರನಾಗಿ ನನಗೆ ಗೊತ್ತಿದ್ದ ಉತ್ತರ ಒಂದೇ: ದೂರ ಹದಿನೆಂಟು ಕಿಲೋಮೀಟರು, ಮರಿಗಳಿರುವ ಹಿಂಡು ದಿನಕ್ಕೆ ಎಂಟು ನಡೆದರೆ ಹೆಚ್ಚು, ಆದ್ದರಿಂದ ಆಗದ ಕೆಲಸ. ಹಾಗೆಂದು ಹೇಳಿಯೂ ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ಗಾಡಿಯನ್ನು ನೋಡಿದಳು.

“ಮರಿ ಇದ್ದಾಗ ಎಂಟು,” ಎಂದಳು. “ಮರಿ ಇಲ್ಲದ ಇಪ್ಪತ್ತು ಬೇಕಾದ್ರ ನಡೀತಾವು.”

ಮರಿಗಳನ್ನೆಲ್ಲ ಗಾಡಿಯಲ್ಲಿ ತುಂಬುವುದು ಆಕೆಯ ಎಣಿಕೆ ಎಂದು ತಿಳಿದಾಗ ನಾನು ಗಾಡಿಯ ಬಾಗಿಲಿಗೆ ಅಡ್ಡ ನಿಂತೆ. ಬಿಳಿ ಹಾಸಿಗೆ, ತಿಂಗಳ ಹಿಂದೆ ಹೊಲಿಸಿದ ಪರದೆ. ನಾನು ಆಗುವುದೇ ಇಲ್ಲ ಎಂದೆ. ಅಮಿತಾ ಫೋನು ಎತ್ತಲಿಲ್ಲ. ಡಾಕ್ಟರ ಹೆಂಡತಿ ಕಾಲು ಒರೆಸಿಕೊಳ್ಳುತ್ತ, “ಎಷ್ಟು ಮರಿ ಅದಾವ್ರಿ?” ಎಂದು ಕೇಳಿದರು. ಇಪ್ಪತ್ತರ ಮೇಲಿರಬೇಕು ಎಂದಳು ಸತ್ಯವ್ವ. “ಹಂಗಾದ್ರ ನಡೀರಿ, ಲಗೂನ,” ಎಂದು ಅವರೇ ಮೊದಲು ಗಾಡಿ ಹತ್ತಿದರು. ಡಾಕ್ಟರು ಪಟ್ಟದಕಲ್ಲಿನ ಗೈಡ್ ಪುಸ್ತಕ ಮಡಚಿ ಕಿಸೆಗೆ ಹಾಕಿಕೊಂಡರು.

ಹುಲ್ಲಪ್ಪ ರಸ್ತೆಯ ಬದಿಯ ಜಾಲಿಯ ನೆರಳಿನಲ್ಲಿ ಸಿಕ್ಕ. ನಾಲ್ಕು ತಿಂಗಳ ಮೇಲೆ ಗಂಡ ಹೆಂಡತಿ ಎದುರಾಗಿದ್ದರು. ಮೊದಲ ಮಾತು ಚೆನ್ನಾಗಿರಲಿಲ್ಲ.

“ನನ್ನ ಕೇಳದ ಹೆಂಗ ಮಾತು ಕೊಟ್ಟಿ ನೀ?”

“ನಲವತ್ತು ವರ್ಷದಾಗ ಯಾವಾಗ ಕೇಳೇನಿ? ನೀವು ನನ್ನ ಕೇಳದ ಹಾದಿ ಹೆಂಗ ಬದ್ಲಿ ಮಾಡಿದ್ರಿ?”

“ಹುನಗುಂದದಾವಗ ಮಾತು ಕೊಟ್ಟೇನಿ.”

“ಹನಮಂತಪ್ಪ ನೇಗಿಲ ನಿಲ್ಲಿಸಿ ಕುಂತಾನ. ನಮ್ಮ ಹಿರೇಮಗಳು ಹುಟ್ಟಿದ್ದು ಯಾರ ಹೊಲದಾಗ?”

ಹುಲ್ಲಪ್ಪ ತಂಬಾಕಿನ ಚೀಲ ಹುಡುಕಿದ. ಸಿಗಲಿಲ್ಲವೋ, ಸಿಕ್ಕರೂ ಹುಡುಕುತ್ತಲೇ ಇದ್ದನೋ ಗೊತ್ತಿಲ್ಲ. ಕೊನೆಗೆ ಒಂದು ಮರಿಯ ಹಿಂಗಾಲು ಹಿಡಿದೆತ್ತಿ ಗಾಡಿಯ ಬಾಗಿಲಲ್ಲಿ ನಿಂತು, “ಇದನ್ನ ಎಲ್ಲಿ ಇಡ್ಲಿ?” ಎಂದ.

ಇಪ್ಪತ್ತಾರು ಮರಿಗಳನ್ನು ತುಂಬಿದೆವು. ಹಾಸಿಗೆಯ ಮೇಲೆ ಹನ್ನೊಂದು, ನೆಲದ ಮೇಲೆ ಹತ್ತು, ಪಾಯಖಾನೆಯಲ್ಲಿ ಮೂರು, ಡಾಕ್ಟರ ಹೆಂಡತಿಯ ತೊಡೆಯ ಮೇಲೆ ಒಂದು. ಇನ್ನೊಂದು ಅಡುಗೆಕಟ್ಟೆ ಹತ್ತಿ ನಿಂತು ಕಿಟಕಿಯಿಂದ ಹೊರಗೆ ನೋಡತೊಡಗಿತು. ಪಟ್ಟದಕಲ್ಲಿನ ಗುಡಿಗಳನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಪ್ರವಾಸಿಯನ್ನು ನಾನು ಕಂಡಿಲ್ಲ. ಹಾಸಿಗೆಯ ಗತಿ ಏನಾಯಿತೆಂದು ಅಮಿತಾಳಿಗೆ ಈವರೆಗೆ ಹೇಳಿರಲಿಲ್ಲ. ಈಗ ಓದಿ ತಿಳಿದುಕೊಳ್ಳಲಿ.

ಹಿಂದಿನ ಬಾಗಿಲು ಮುಚ್ಚಬೇಡಿ ಎಂದಳು ಸತ್ಯವ್ವ. ಮರಿಗಳು ಒಳಗಿನಿಂದ ಕೂಗಿದವು, ತಾಯಿಕುರಿಗಳು ಹೊರಗಿನಿಂದ ಓಗೊಡುತ್ತ ಗಾಡಿಯ ಬೆನ್ನು ಹತ್ತಿದವು, ಉಳಿದವು ಅವುಗಳ ಬೆನ್ನು ಹತ್ತಿದವು. ಹುಲ್ಲಪ್ಪನಿಗೆ ಹಿಂಡನ್ನು ಹೊಡೆಯುವ ಕೆಲಸವೇ ಇರಲಿಲ್ಲ, ಅವುಗಳ ಜೊತೆ ಹೆಜ್ಜೆ ಹಾಕುವುದೇ ಕಷ್ಟವಾಯಿತು. ಮುರ್ತುಜಸಾಬ ಮೊದಲನೇ ಗೇರಿನಲ್ಲಿ, ಹಾರ್ನು ಮುಟ್ಟದೆ, ಒಂಬತ್ತು ತಾಸು ಗಾಡಿ ನಡೆಸಿದ. “ಮೂವತ್ತು ವರ್ಷ ಮನುಷ್ಯಾರನ್ನ ಹೊತ್ತೇನ್ರಿ ಸರ್, ಇಷ್ಟು ಪ್ರೀತೀಲೆ ಯಾರೂ ನನ್ನ ಗಾಡಿ ಹಿಂದ ಬಂದಿಲ್ಲ,” ಎಂದ. ಮಧ್ಯಾಹ್ನ ಹೊಳೆಯ ಹತ್ತಿರ ಮರಿಗಳನ್ನಿಳಿಸಿ ಹಾಲು ಕುಡಿಸಿ, ಮತ್ತೆ ಎಣಿಸಿ ತುಂಬಿದೆವು. ಕುರಿಯ ನಡಿಗೆಯಲ್ಲಿ ಹೋದಾಗ ಆ ಕೆಂಪು ಗುಡ್ಡಗಳ ಸಾಲು ಒಂದೊಂದೇ ಮಗ್ಗುಲು ಬದಲಿಸುವುದು ಕಂಡಿತು. ಮೂವತ್ತೊಂದು ವರ್ಷ ನಾನು ಪಾಠ ಹೇಳಿದ ಗುಡ್ಡಗಳು ಅವು, ನೋಡಿದ್ದು ಅಂದೇ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾಗುತ್ತದೆ, ಆದರೂ ಖರೆ.

ಹೊಲ ಮುಟ್ಟಿದಾಗ ಹೊತ್ತು ಗುಡ್ಡದ ನೆತ್ತಿಯ ಮೇಲಿತ್ತು. ಹನಮಂತಪ್ಪ ಬದುವಿನ ಮೇಲೆ ನಿಂತು ಫೋನಿನಲ್ಲಿ ಟ್ರ್ಯಾಕ್ಟರಿನವನ ಜೊತೆ ಮಾತಾಡುತ್ತಿದ್ದ. ಮೊದಲು ಗಾಡಿ, ಅದರ ಹಿಂದೆ ಧೂಳು, ಧೂಳಿನಲ್ಲಿ ಇನ್ನೂರು ಕುರಿ ಕಂಡವು. “ನಾಳೆ ಬರಬ್ಯಾಡೋ,” ಎಂದು ಫೋನಿಗೆ ಹೇಳಿ ಕೆಳಗಿಳಿದು ಬಂದ. ಸತ್ಯವ್ವ ಗಾಡಿಯಿಂದ ಇಳಿದವಳೇ ನೀರು ಚೆಲ್ಲಿ ನೋಡಿ, ಕುರಿ ತರುಬುವ ಬಲೆ ಎಲ್ಲಿ ಕಟ್ಟಬೇಕು, ಗಾಡಿ ಎಲ್ಲಿ ನಿಲ್ಲಬೇಕು, ಒಲೆ ಎಲ್ಲಿ ಎಂದು ಮೂರು ಮಾತಿನಲ್ಲಿ ಹೇಳಿದಳು. ಯಾರೂ ಎದುರಾಡಲಿಲ್ಲ, ನಾನೂ ಸೇರಿ.

ರೊಟ್ಟಿ, ಪುಂಡಿಪಲ್ಲೆ ಬಂತು. ಡಾಕ್ಟರು ಆರು ರೊಟ್ಟಿ ಉಂಡರು. ಊಟವಾದ ಮೇಲೆ ಹನಮಂತಪ್ಪ ಎಂದಿನಂತೆ ಹಿಂಡಿನ ಯಜಮಾನನ ಕಡೆ ತಿರುಗಿ, “ಮತ್ತ ಮುಂದಿನ ವರ್ಷ ಯಾವಾಗ ಬರ್ತಿ ಹುಲ್ಲಪ್ಪ?” ಎಂದು ಕೇಳಿದ.

ಹುಲ್ಲಪ್ಪ ಹೆಂಡತಿಯ ಕಡೆ ಗದ್ದ ತಿರುಗಿಸಿದ. “ನನಗ್ಯಾಕ ಕೇಳ್ತಿ?” ಎಂದ. “ಹೊಲದ ಮಾತು ಆಕೀದು. ನಾ ಒಮ್ಮಿ ಫೋನಿನ್ಯಾಗ ಮಾಡಿ ನೋಡಿದೆ, ನನಗ ಬರ್ಲಿಲ್ಲ.”

ಸತ್ಯವ್ವ ಮರಿಯ ಉಣ್ಣೆಯಲ್ಲಿ ಸಿಕ್ಕ ಮುಳ್ಳು ಬಿಡಿಸುತ್ತಿದ್ದಳು. ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮುಚ್ಚಿಡಲಿಲ್ಲ.

“ಜೋಳ ಕಿತ್ತ ಎಂಟು ದಿನಕ್ಕ ಬರ್ತೇವಿ,” ಎಂದಳು ಹನಮಂತಪ್ಪನಿಗೆ. “ಮುಂದಿನ ಸಲ ಆ ಮೂಡಣ ತುದಿಗೆ ನಿಲ್ಲಸ್ತೇನಿ. ಅಲ್ಲಿ ಬೆಳಿ ಬಡವ ಆಗೈತಿ.”

“ಎಲ್ಲಾ ಬರೋಬರಿ ಆತು,” ಎಂದ ಹುಲ್ಲಪ್ಪ, ನೆಲ ನೋಡುತ್ತ. “ಹುನಗುಂದದಾವಗ ನಾ ಕೊಟ್ಟ ಮಾತು?”

“ಗಾಡಿ ನಾಳೆ ಐಹೊಳಿ ಮ್ಯಾಲೆ ಹುನಗುಂದಕ್ಕನ ಹೊಂಟೈತಿ,” ಎಂದಳು ಸತ್ಯವ್ವ. “ಮರಿ ಕೂಡ ನಾನೂ ಕುಂದರ್ತೇನಿ. ನಾಡದು ಸಂಜಿಕ್ಕ ಅವನ ಹೊಲ ಮುಟ್ಟತೇವಿ. ನಿಮ್ಮ ಮಾತು ಹೋಗಾಕ ನಾ ಬಿಟ್ಟೇನೇನು?”

ಹುಲ್ಲಪ್ಪ ಎದ್ದು ತನ್ನ ಕಂಬಳಿ ಕೊಡವಿ ಮಡಚಿ ತಂದು, ಆಕೆಯ ಮುರಿದ ಮೊಣಕಾಲಿನ ಕೆಳಗೆ ಇಟ್ಟ.